ಗೇಜ್ ಎಲ್ಲಿರಬೇಕು, ಹೋಸ್ ಹೇಗೆ ಸಾಗಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ: ಸ್ಕೂಬಾ ಡೈವಿಂಗ್

ಪ್ರಶ್ನೆ: ಓಪನ್ ವಾಟರ್ ಕೋರ್ಸ್ ಮುಗಿಸಿ ನೇತ್ರಾಣಿಯಲ್ಲಿ ಡೈವ್ ಮಾಡುತ್ತಿದ್ದೇನೆ. ನನ್ನ ಪ್ರೆಶರ್ ಗೇಜ್ ಕೆಳಗೆ ಜೋತುಬಿದ್ದು ಹವಳಕ್ಕೆ ತಗಲುತ್ತಿತ್ತೆಂದು ಗೈಡ್ ಎಚ್ಚರಿಸಿದರು. ಬೇಕೆಂದಾಗ ಅದು ಕೈಗೂ ಸಿಗುವುದಿಲ್ಲ, ಪಕ್ಕೆಯ ಹಿಂದೆ ತಡಕಾಡಬೇಕಾಗುತ್ತದೆ. ಈಗ ಸ್ವಂತ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯ ಒತ್ತಡ ತಗ್ಗಿಸಿ ಉಸಿರಾಡಲು ಕೊಡುವ ಸಾಧನ) ಕೊಳ್ಳುವವನಿದ್ದೇನೆ. ಅದರ ನಾಲ್ಕು ಹೋಸ್‌ಗಳನ್ನು, ಅಂದರೆ ಕೊಳವೆಗಳನ್ನು, ಎಲ್ಲಿಂದ ಎಲ್ಲಿಗೆ ತರಬೇಕು? ಗೇಜನ್ನು ಎಲ್ಲಿ ಸಿಕ್ಕಿಸಬೇಕು?
(ಓದುಗರು, ಹುಬ್ಬಳ್ಳಿ)

ಉತ್ತರ: ಗೈಡ್ ತೋರಿಸಿದ ತಪ್ಪಿಗೂ ನೀವು ಹೇಳುತ್ತಿರುವ ತೊಂದರೆಗೂ ಕಾರಣ ಒಂದೇ. ಜೋತುಬಿದ್ದ ಗೇಜ್ ದೇಹ ತಿರುಗಿದಂತೆಲ್ಲ ಜಾಗ ಬದಲಿಸುತ್ತದೆ. ಹೀಗೆ ನೆಲೆಯಿಲ್ಲದ ವಸ್ತು ಹವಳಕ್ಕೂ ಬಡಿಯುತ್ತದೆ, ಕೈಗೂ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಹೋಸ್‌ನ ಬಗ್ಗೆಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಕಣ್ಣು ಮುಚ್ಚಿದ್ದರೂ ಇದರ ತುದಿ ನನ್ನ ಕೈಗೆ ಸಿಗುತ್ತದೆಯೇ? ಗಾಳಿ ಮುಗಿದು ಗಾಬರಿಯಲ್ಲಿರುವ ಜೊತೆಗಾರನಿಗೆ ನಾನು ಉಸಿರು ಕೊಡಬೇಕಾದ ಕ್ಷಣದಲ್ಲಿ ಇದು ಅಡ್ಡ ಬರುತ್ತದೆಯೇ? ಹೋಸ್‌ಗಳ ಬಗ್ಗೆ ಡೈವರ್‌ಗಳ ನಡುವೆ ನಡೆಯುವ ವಾದಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗಳ ಮುಂದೆ ತಾವಾಗಿಯೇ ಇತ್ಯರ್ಥವಾಗುತ್ತವೆ.

ಸಿಲಿಂಡರ್‌ನ ವಾಲ್ವ್‌ಗೆ ಕೂರುವ ಫಸ್ಟ್ ಸ್ಟೇಜ್‌ನಿಂದಲೇ ಆರಂಭಿಸೋಣ. ಅದರಲ್ಲಿ ಎರಡು ಬಗೆಯ ಪೋರ್ಟ್‌ಗಳಿರುತ್ತವೆ. ಹೈ ಪ್ರೆಶರ್ ಪೋರ್ಟ್‌ನಲ್ಲಿ ಸಿಲಿಂಡರ್‌ನೊಳಗಿನ ಒತ್ತಡವೇ ಇರುತ್ತದೆ, ಅಂದರೆ ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್. ಗೇಜ್‌ನ ಹೋಸ್ ಸೇರುವುದು ಇಲ್ಲಿಗೆ. ಲೋ ಪ್ರೆಶರ್ ಪೋರ್ಟ್‌ಗಳಲ್ಲಿ ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಮಾತ್ರ ಹೆಚ್ಚಿರುತ್ತದೆ. ನೀವು ಉಸಿರಾಡುವ ಸೆಕೆಂಡ್ ಸ್ಟೇಜ್, ಜೊತೆಗಾರನಿಗೆಂದು ಇಟ್ಟುಕೊಳ್ಳುವ ಇನ್ನೊಂದು ಸೆಕೆಂಡ್ ಸ್ಟೇಜ್ ಆದ ಆಕ್ಟೋಪಸ್, ಬಿಸಿಡಿಗೆ (ತೇಲುವಿಕೆಯನ್ನು ಹೊಂದಿಸಿಕೊಳ್ಳಲು ತೊಡುವ ಗಾಳಿ ತುಂಬುವ ಅಂಗಿ) ಗಾಳಿ ತುಂಬುವ ಇನ್‌ಫ್ಲೇಟರ್, ಈ ಮೂರರ ಹೋಸ್‌ಗಳೂ ಇವುಗಳಿಗೆ ಸೇರುತ್ತವೆ. ಈಗಿನ ರೆಗ್ಯುಲೇಟರ್‌ಗಳಲ್ಲಿ ಸಾಮಾನ್ಯವಾಗಿ ಹೈ ಪ್ರೆಶರ್ ತಿರುಪು 7/16 ಇಂಚಿನದಾದರೆ ಲೋ ಪ್ರೆಶರ್ ತಿರುಪು 3/8 ಇಂಚಿನದು, ಹಾಗಾಗಿ ಒಂದರ ಹೋಸ್ ಇನ್ನೊಂದರ ಪೋರ್ಟ್‌ನಲ್ಲಿ ತಿರುಪು ಹಿಡಿಯುವುದಿಲ್ಲ. ಆದರೆ ಇರುವ ನಾಲ್ಕೈದು ಲೋ ಪ್ರೆಶರ್ ಪೋರ್ಟ್‌ಗಳಲ್ಲಿ ಯಾವುದಕ್ಕೆ ಯಾವ ಹೋಸ್ ಎಂಬುದನ್ನು ನಿರ್ಧರಿಸುವವರು ನೀವೇ, ಮತ್ತು ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಅಲ್ಲಿಯೇ.

ಬಲಕ್ಕೆ ಹೋಗಬೇಕಾದ ಹೋಸ್ ಬಲಬದಿಯ ಪೋರ್ಟ್‌ನಿಂದಲೂ ಎಡಕ್ಕೆ ಹೋಗಬೇಕಾದದ್ದು ಎಡಬದಿಯ ಪೋರ್ಟ್‌ನಿಂದಲೂ ಹೊರಡಬೇಕು. ಒಂದು ಹೋಸ್ ಇನ್ನೊಂದನ್ನು ದಾಟಬಾರದು. ಮನರಂಜನೆಯ ಡೈವಿಂಗ್‌ನಲ್ಲಿ ರೂಢಿಯಲ್ಲಿರುವ ಕ್ರಮದ ಪ್ರಕಾರ ಮುಖ್ಯ ಸೆಕೆಂಡ್ ಸ್ಟೇಜ್ ಬಲ ಹೆಗಲ ಮೇಲಿನಿಂದ ಬಾಯಿಗೆ ಬರುತ್ತದೆ, ಆಕ್ಟೋಪಸ್ ಬಲಗಡೆಯಿಂದಲೇ ಎದೆಯ ಮುಂಭಾಗಕ್ಕೆ ಬರುತ್ತದೆ, ಇನ್‌ಫ್ಲೇಟರ್ ಎಡ ಹೆಗಲ ಮೇಲಿನಿಂದ ಇಳಿಯುತ್ತದೆ ಮತ್ತು ಗೇಜ್‌ನ ಹೋಸ್ ಎಡ ತೋಳಿನ ಕೆಳಗಿನಿಂದ ಮುಂದೆ ಬರುತ್ತದೆ. ಇದು ಕೇವಲ ಸಂಪ್ರದಾಯವಲ್ಲ. ನಿಮ್ಮೆದುರು ಬಂದ ಅಪರಿಚಿತ ಡೈವರ್‌ಗೂ ಯಾವುದು ಯಾವ ಬದಿಯಲ್ಲಿದೆ ಎಂದು ಗೊತ್ತಿರುವುದು ಈ ಒಂದು ಒಪ್ಪಂದದಿಂದ.

ಹೋಸ್‌ನ ಉದ್ದವನ್ನು ಅಂಗಡಿಯ ಕೌಂಟರ್ ಮೇಲೆ ತೀರ್ಮಾನಿಸಬೇಡಿ. ಸಿಲಿಂಡರ್ ಸಮೇತ ಎಲ್ಲವನ್ನೂ ತೊಟ್ಟು, ಮೌತ್‌ಪೀಸ್ ಬಾಯಲ್ಲಿಟ್ಟುಕೊಂಡು, ತಲೆಯನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮೇಲೆ ನೋಡಿ. ಮೌತ್‌ಪೀಸ್ ಹಲ್ಲಿನಿಂದ ಜಗ್ಗಿದಂತಾದರೆ ಹೋಸ್ ಗಿಡ್ಡ. ಡೈವ್ ಮುಗಿದ ಮೇಲೆ ದವಡೆ ನೋಯುತ್ತದೆಂದು ದೂರುವ ಅನೇಕರ ತೊಂದರೆಯ ಮೂಲ ಇದು. ಕಿವಿಯ ಪಕ್ಕದಲ್ಲಿ ದೊಡ್ಡ ಕಮಾನಿನಂತೆ ಬಾಗಿ ನಿಂತರೆ ಅದು ಉದ್ದ, ಅಥವಾ ತಪ್ಪು ಪೋರ್ಟ್‌ನಿಂದ ಹೊರಟಿದೆ. ಮುಖ್ಯ ಸೆಕೆಂಡ್ ಸ್ಟೇಜ್‌ಗೆ ಸಾಮಾನ್ಯವಾಗಿ ಬರುವ ಹೋಸ್ 70ರಿಂದ 75 ಸೆಂಟಿಮೀಟರ್‌ನದು, ಆಕ್ಟೋಪಸ್‌ನದು 90ರಿಂದ 100 ಸೆಂಟಿಮೀಟರ್‌ನದು. ಬಹುಪಾಲು ಜನರಿಗೆ ಇವು ಒಗ್ಗುತ್ತವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಯಾದ ಗೇಜ್. ಬಾಡಿಗೆ ಸಾಮಗ್ರಿಯಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ 80ರಿಂದ 90 ಸೆಂಟಿಮೀಟರ್ ಉದ್ದದ ಹೋಸ್‌ನ ತುದಿಯಲ್ಲಿ ಒತ್ತಡದ ಗೇಜ್, ಆಳದ ಗೇಜ್, ಕೆಲವೊಮ್ಮೆ ದಿಕ್ಸೂಚಿ ಎಲ್ಲವನ್ನೂ ಒಂದರ ಕೆಳಗೊಂದು ಜೋಡಿಸಿದ ಭಾರದ ಕನ್ಸೋಲ್. ಅದನ್ನು ಹಾಗೆಯೇ ಬಿಟ್ಟರೆ ನೀವು ಅಡ್ಡಲಾಗಿ ಈಜುವಾಗ ಹೊಟ್ಟೆಗಿಂತ ಕೆಳಗೆ ಎಳೆದಾಡುತ್ತದೆ. ನೇತ್ರಾಣಿಯ ಬಂಡೆಗಳ ಮೇಲಿನ ಹವಳಕ್ಕೆ ಅದು ಬಡಿದರೆ ವರ್ಷಗಟ್ಟಲೆ ಬೆಳೆದದ್ದು ಮುರಿದುಹೋಗುತ್ತದೆ; ಹವಳಗಳು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಜೀವಿಗಳೆಂಬುದನ್ನು ನಮ್ಮ ಕರಾವಳಿಯ ಪ್ರತಿಯೊಬ್ಬ ಡೈವರ್ ನೆನಪಿಟ್ಟುಕೊಳ್ಳಬೇಕು. ಮರಳಿನ ತಳವಾದರೆ ಕೆಸರೆದ್ದು ನಿಮ್ಮ ಹಿಂದೆ ಬರುವವರಿಗೆ ಏನೂ ಕಾಣದಂತಾಗುತ್ತದೆ.

ಸ್ವಂತಕ್ಕೆ ಕೊಳ್ಳುವುದಾದರೆ ಕನ್ಸೋಲ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಹಿತ್ತಾಳೆಯ ಒಂದೇ ಒಂದು ಒತ್ತಡದ ಗೇಜ್, 60 ಸೆಂಟಿಮೀಟರ್ ಆಸುಪಾಸಿನ ಗಿಡ್ಡ ಹೋಸ್, ಎಡ ಸೊಂಟದ ಡಿ-ರಿಂಗ್‌ಗೆ (ಡಿ ಆಕಾರದ ಲೋಹದ ಬಳೆ) ಸಿಕ್ಕಿಸಲು ಒಂದು ಬೋಲ್ಟ್ ಸ್ನ್ಯಾಪ್ (ಬೆರಳಿನಿಂದ ಜಾರಿಸಿ ತೆರೆಯುವ ಲೋಹದ ಕೊಕ್ಕೆ), ಇಷ್ಟು ಸಾಕು. ಆಳವನ್ನೂ ಸಮಯವನ್ನೂ ಮಣಿಕಟ್ಟಿನ ಡೈವ್ ಕಂಪ್ಯೂಟರ್ ತೋರಿಸಲಿ. ಅದನ್ನು ಬಲ ಮಣಿಕಟ್ಟಿಗೆ ಕಟ್ಟಿಕೊಂಡರೆ, ಮೇಲೇರುವಾಗ ಎಡಗೈ ಇನ್‌ಫ್ಲೇಟರ್ ಎತ್ತಿ ಗಾಳಿ ಬಿಡುತ್ತಿರುವಾಗಲೂ ಬಲಗೈಯ ಕಂಪ್ಯೂಟರ್‌ನಲ್ಲಿ ಆಳವನ್ನು ನೋಡುತ್ತಲೇ ಇರಬಹುದು. ನಿಮ್ಮ ಬಿಸಿಡಿ ಜಾಕೆಟ್ ಮಾದರಿಯದಾಗಿ ಸೊಂಟದ ಬಳಿ ಡಿ-ರಿಂಗ್ ಇಲ್ಲದಿದ್ದರೆ, ಎಡ ಜೇಬಿನ ಮೇಲಿನ ಅಥವಾ ಎದೆಯ ಕೆಳಭಾಗದ ರಿಂಗ್ ಬಳಸಿ. ಎಲ್ಲಿ ಸಿಕ್ಕಿಸಿದರೂ ಪ್ರತಿ ಡೈವ್‌ನಲ್ಲೂ ಅದೇ ಜಾಗದಲ್ಲಿ ಸಿಕ್ಕಿಸಿ. ತೋಳಿನ ಕೆಳಗಿನಿಂದ ಬರುವ ಹೋಸ್ ಪಕ್ಕೆಗೆ ಅಂಟಿಕೊಂಡಿರಬೇಕು, ಹೊರಗೆ ಉಬ್ಬಿಕೊಂಡಿರಬಾರದು.

ಸ್ನ್ಯಾಪನ್ನು ಕಟ್ಟುವ ವಿಧಾನವೂ ಮುಖ್ಯ. ಲೋಹದ ಉಂಗುರದಿಂದ ನೇರವಾಗಿ ಗೇಜ್‌ಗೆ ಜೋಡಿಸಬೇಡಿ. ಸ್ನ್ಯಾಪ್ ಎಲ್ಲಾದರೂ ಸಿಕ್ಕಿಕೊಂಡರೆ ಲೋಹವನ್ನು ನೀರೊಳಗೆ ಕತ್ತರಿಸಲಾಗದು. ಸುಮಾರು ಎರಡು ಮಿಲಿಮೀಟರ್ ದಪ್ಪದ ನೈಲಾನ್ ದಾರವನ್ನು ಸ್ನ್ಯಾಪ್‌ನ ಕಣ್ಣಿನೊಳಗೆ ತೂರಿಸಿ, ಹೋಸ್‌ನ ತುದಿಯಲ್ಲಿ ಗೇಜ್‌ನ ಕತ್ತಿಗೆ ಹತ್ತಿರವಿರುವ ಲೋಹದ ಭಾಗಕ್ಕೆ ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಸ್ನ್ಯಾಪ್ ಮತ್ತು ಹೋಸ್‌ನ ನಡುವೆ ಅಡ್ಡ ಸುತ್ತು ಕೊಟ್ಟು ಗಂಟು ಹಾಕಿ. ತುದಿಗಳನ್ನು ಕತ್ತರಿಸಿದ ಮೇಲೆ ಲೈಟರ್‌ನಿಂದ ಕರಗಿಸಿ ಅದುಮಿದರೆ ಗಂಟು ಬಿಚ್ಚುವುದಿಲ್ಲ. ಸ್ನ್ಯಾಪ್ ಅಲುಗಾಡದಂತಿರಬೇಕು, ಅಲುಗಾಡಿದರೆ ಒಂದೇ ಕೈಯಲ್ಲಿ ತೆಗೆದು ಹಾಕುವುದು ಕಷ್ಟ. ಮನೆಯಲ್ಲಿಯೇ ಬಿಸಿಡಿ ತೊಟ್ಟು, ಎಡಗೈಯೊಂದರಿಂದಲೇ ಸ್ನ್ಯಾಪ್ ಬಿಚ್ಚಿ, ಮುಖದ ಮುಂದೆ ತಂದು ಓದಿ, ಮತ್ತೆ ಸಿಕ್ಕಿಸುವುದನ್ನು ಯೋಚಿಸದೆ ಮಾಡುವಷ್ಟು ಅಭ್ಯಾಸ ಮಾಡಿ.

ಸುಲಭವಾಗಿ ಕೈಗೆ ಸಿಗುವ ಗೇಜನ್ನು ಡೈವರ್ ಪದೇಪದೇ ನೋಡುತ್ತಾನೆ, ಸಿಗದದ್ದನ್ನು ಆಮೇಲೆ ನೋಡೋಣವೆಂದು ಮುಂದೂಡುತ್ತಾನೆ. ಮುಂದೂಡಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಎಲ್ಲೆಡೆ ಬಳಕೆಯಲ್ಲಿರುವ ಅಲ್ಯೂಮಿನಿಯಂ 80 ಸಿಲಿಂಡರ್‌ನ ಒಳಗಾತ್ರ ಸುಮಾರು 11 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 30 ಮೀಟರ್ ಆಳದಲ್ಲಿ, ಅಂದರೆ 4 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ 80 ಲೀಟರ್ ಖರ್ಚು ಮಾಡುತ್ತಾನೆ; ಗೇಜ್‌ನ ಮುಳ್ಳು ನಿಮಿಷಕ್ಕೆ 7 ಬಾರ್‌ಗೂ ಹೆಚ್ಚು ಇಳಿಯುತ್ತದೆ. ಐದಾರು ನಿಮಿಷ ನೋಡದೆ ಕಳೆದರೆ 40 ಬಾರ್ ಹೋಗಿರುತ್ತದೆ. ಪ್ರವಾಹದ ವಿರುದ್ಧ ಈಜುತ್ತಿದ್ದರೆ ಇನ್ನೂ ಹೆಚ್ಚು.

ಕೊನೆಗೆ ಒಂದು ಎಚ್ಚರಿಕೆ. ಜೋತುಬೀಳದಿರಲೆಂದು ಗೇಜ್‌ನ ಹೋಸನ್ನು ವೇಟ್ ಬೆಲ್ಟ್‌ನೊಳಗೆ (ಮುಳುಗಲೆಂದು ಸೊಂಟಕ್ಕೆ ಕಟ್ಟುವ ತೂಕದ ಪಟ್ಟಿ) ತುರುಕುವವರನ್ನು ಕಾಣುತ್ತೇವೆ. ತುರ್ತಿನಲ್ಲಿ ಬೆಲ್ಟ್ ಬಿಚ್ಚಿದರೆ ಅದು ಯಾವುದಕ್ಕೂ ತಡೆಯದೆ ನೇರವಾಗಿ ಕೆಳಗೆ ಬೀಳಬೇಕು. ಹೋಸ್‌ಗೆ ಸಿಕ್ಕಿ ನೇತಾಡುವ ಬೆಲ್ಟ್ ಬಿಚ್ಚಿಯೂ ಬಿಚ್ಚದಂತೆ, ಆದ್ದರಿಂದ ಯಾವ ಹೋಸ್ ಕೂಡ ಬೆಲ್ಟ್‌ನ ಕೆಳಗೆ ಹಾಯಬಾರದು.

ಪ್ರಶ್ನೆ: ನನ್ನ ತರಬೇತುದಾರರು ಆಕ್ಟೋಪಸನ್ನು ಎದೆಯ ಮೇಲೆ ಸಿಕ್ಕಿಸಲು ಕಲಿಸಿದರು. ಅಂಡಮಾನ್‌ನಲ್ಲಿ ಜೊತೆಯಾದ ಡೈವರ್ ಒಬ್ಬರು ಎರಡನೆಯ ರೆಗ್ಯುಲೇಟರನ್ನು ಕೊರಳಲ್ಲಿ ಎಲಾಸ್ಟಿಕ್ ದಾರದಿಂದ ಹಾಕಿಕೊಂಡು, ಬಾಯಲ್ಲಿರುವುದಕ್ಕೆ ಬಹಳ ಉದ್ದದ ಹೋಸ್ ಬಳಸುತ್ತಿದ್ದರು. ಅದೇ ಸರಿಯೆಂದು ವಾದಿಸಿದರು. ಯಾವುದನ್ನು ಅನುಸರಿಸಲಿ?
(ಓದುಗರು, ಬೆಂಗಳೂರು)

ಉತ್ತರ: ಎರಡೂ ಸರಿಯೇ, ಆದರೆ ಎರಡನ್ನೂ ಬೆರೆಸುವುದು ತಪ್ಪು.

ಉದ್ದ ಹೋಸ್‌ನ ಪದ್ಧತಿ ಅಮೆರಿಕದ ಫ್ಲಾರಿಡಾದ ನೀರು ತುಂಬಿದ ಗುಹೆಗಳಲ್ಲಿ ಬೆಳೆದುಬಂದದ್ದು. ಅಲ್ಲಿನ ಗುಹಾ ಡೈವರ್ ವಿಲಿಯಂ ಹೋಗಾರ್ತ್ ಮೇನ್ ಅವರ ಹೆಸರಿನಿಂದಲೇ ಸರಳವಾದ, ಏನೂ ಜೋತುಬೀಳದ ಈ ಜೋಡಣೆಗೆ ಹೋಗಾರ್ಥಿಯನ್ ಎಂಬ ಹೆಸರು ಬಂದಿದೆ. ಗುಹೆಯ ಇಕ್ಕಟ್ಟಿನಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಈಜಲಾಗದು, ಒಬ್ಬರ ಹಿಂದೆ ಒಬ್ಬರು ಹೊರಬರಬೇಕು. ಹಾಗಾಗಿ ಸುಮಾರು 2.1 ಮೀಟರ್ ಉದ್ದದ ಹೋಸ್ ಬೇಕಾಯಿತು. ಅದು ಬಲಗಡೆಯಿಂದ ಇಳಿದು, ಸೊಂಟದ ಬಳಿ ಸಿಕ್ಕಿಕೊಂಡು, ಎದೆಯನ್ನು ಓರೆಯಾಗಿ ದಾಟಿ, ಎಡ ಹೆಗಲ ಮೇಲಿನಿಂದ ಕತ್ತಿನ ಹಿಂದೆ ಸುತ್ತಿ ಬಲಗಡೆಯಿಂದ ಬಾಯಿಗೆ ಬರುತ್ತದೆ. ಜೊತೆಗಾರನಿಗೆ ಗಾಳಿ ಬೇಕಾದಾಗ ಬಾಯಲ್ಲಿರುವುದನ್ನೇ ತೆಗೆದುಕೊಟ್ಟು, ತಲೆ ತಗ್ಗಿಸಿದರೆ ಹೋಸ್ ಬಿಚ್ಚಿಕೊಳ್ಳುತ್ತದೆ. ಗಲ್ಲದ ಕೆಳಗೆ ಕೊರಳದಾರದಲ್ಲಿರುವ ಇನ್ನೊಂದನ್ನು ತಾನು ಬಾಯಿಗಿಟ್ಟುಕೊಳ್ಳುವುದು. ಈ ಕ್ರಮದ ಬಲವಿರುವುದು ಇಲ್ಲಿಯೇ: ಕೊಟ್ಟ ರೆಗ್ಯುಲೇಟರ್ ಆ ಕ್ಷಣದವರೆಗೆ ಕೆಲಸ ಮಾಡುತ್ತಿತ್ತೆಂಬುದು ಖಚಿತ, ಮತ್ತು ಗಾಬರಿಯಾದ ಮನುಷ್ಯ ಎದುರಿನವನ ಬಾಯಲ್ಲಿರುವುದಕ್ಕೇ ಕೈಹಾಕುವ ಸಂಭವ ಇದ್ದೇ ಇರುತ್ತದೆ.

ತೆರೆದ ಸಮುದ್ರದಲ್ಲಿ 2.1 ಮೀಟರ್ ಅಗತ್ಯವಿಲ್ಲ. ಅದೇ ಪದ್ಧತಿಯನ್ನು ಬಯಸುವ ಅನೇಕರು ಸುಮಾರು 1.5 ಮೀಟರ್ ಉದ್ದದ ಹೋಸನ್ನು ಬಲ ತೋಳಿನ ಕೆಳಗಿನಿಂದ ತರುತ್ತಾರೆ. ಹೊಸಬರಿಗೆ ನನ್ನ ಸಲಹೆ ಬೇರೆ: ಕಲಿತ ಪದ್ಧತಿಯಲ್ಲೇ ಇರಿ, ಉಸಿರು ಹಂಚಿಕೊಳ್ಳುವ ಅಭ್ಯಾಸವನ್ನು ಅದರಲ್ಲೇ ಗಟ್ಟಿ ಮಾಡಿಕೊಳ್ಳಿ. ಉದ್ದ ಹೋಸ್‌ಗೆ ಬದಲಾಗುವುದಾದರೆ ತಿಳಿದವರ ಕೈಕೆಳಗೆ, ಈಜುಕೊಳದಲ್ಲಿ, ಮತ್ತೆ ಮತ್ತೆ ಕೊಟ್ಟು ತೆಗೆದುಕೊಂಡು ಕಲಿತ ಮೇಲೆ ಮಾತ್ರ ಬದಲಾಗಿ.

ಎದೆಯ ಮೇಲಿನ ಆಕ್ಟೋಪಸ್‌ನ ಜಾಗ ಗಲ್ಲದಿಂದ ಕೆಳಪಕ್ಕೆಗಳವರೆಗಿನ ತ್ರಿಕೋನದೊಳಗಿರಬೇಕು. ಅದರ ಬಣ್ಣ ಹಳದಿಯಾಗಿರುವುದೇ ದೂರದಿಂದ ಕಾಣಲೆಂದು. ಬಿಸಿಡಿಯ ಜೇಬಿನಲ್ಲಿಟ್ಟರೆ ಆ ಬಣ್ಣಕ್ಕೆ ಅರ್ಥವೇ ಇಲ್ಲ. ಸಿಕ್ಕಿಸಿದ ಕ್ಲಿಪ್ ಒಂದು ಜಗ್ಗಿಗೆ ಬಿಟ್ಟುಕೊಡಬೇಕು, ಆದರೆ ದೋಣಿಯಿಂದ ಹಿಂದಕ್ಕೆ ಉರುಳಿ ನೀರಿಗೆ ಬಿದ್ದಾಗ ತಾನಾಗಿ ಬಿಚ್ಚಬಾರದು. ಹೋಸನ್ನು ಮಡಚಿ ಡಿ-ರಿಂಗ್‌ನೊಳಗೆ ತುರುಕುವುದು ಬಹಳ ಕಡೆ ರೂಢಿಯಲ್ಲಿದೆ. ಮಡಿಕೆಯ ಜಾಗದಲ್ಲಿ ಹೋಸ್ ಸವೆಯುತ್ತದೆ, ಎಳೆದಾಗ ಒಮ್ಮೊಮ್ಮೆ ಕಚ್ಚಿಕೊಳ್ಳುತ್ತದೆ, ಹಾಗಾಗಿ ಅದು ನನಗೆ ಒಪ್ಪಿಗೆಯಿಲ್ಲ. ಮೌತ್‌ಪೀಸ್ ಕೆಳಮುಖವಾಗಿರಲಿ, ಇಲ್ಲವಾದರೆ ನೀರಿಗಿಳಿದ ಕೂಡಲೇ ಗಾಳಿ ತಾನಾಗಿ ಹರಿಯತೊಡಗುತ್ತದೆ. ಜೊತೆಗಾರನ ಕೈಗೆ ಬಂದಾಗ ಅದು ತಲೆಕೆಳಗಾಗಿಲ್ಲವೇ ಎಂಬುದನ್ನು ದಡದಲ್ಲೇ ಪರೀಕ್ಷಿಸಿ. ಬಹುತೇಕ ಸೆಕೆಂಡ್ ಸ್ಟೇಜ್‌ಗಳಲ್ಲಿ ಉಸಿರು ಬಿಡುವ ಕವಾಟ ಕೆಳಗಿರಬೇಕು; ತಲೆಕೆಳಗಾಗಿ ಬಾಯಿಗಿಟ್ಟುಕೊಂಡರೆ ಉಸಿರಿನೊಂದಿಗೆ ನೀರೂ ಒಳಗೆ ಬರುತ್ತದೆ.

ಯಾವ ಪದ್ಧತಿಯಾದರೂ ನೀರಿಗಿಳಿಯುವ ಮೊದಲು ಜೊತೆಗಾರನಿಗೆ ತೋರಿಸಿ ಹೇಳಿ: ಗಾಳಿ ಬೇಕಾದರೆ ನಾನು ನಿನಗೆ ಇದನ್ನು ಕೊಡುತ್ತೇನೆ, ನಾನು ಇದನ್ನು ಬಳಸುತ್ತೇನೆ. ಹೇಳಿದರೆ ಸಾಲದು, ಅವನ ಕೈಯಿಂದ ಒಮ್ಮೆ ಹಿಡಿಸಿ. ನಿಮ್ಮ ಅಂಡಮಾನ್ ಜೊತೆಗಾರರು ವಾದಿಸುವುದಕ್ಕಿಂತ ಮೊದಲು ಇದನ್ನು ಮಾಡಬೇಕಿತ್ತು.

ಪ್ರಶ್ನೆ: ಗೇಜ್ ಮತ್ತು ಹೋಸ್ ಸೇರುವ ಕಡೆಯಿಂದ ಸಣ್ಣ ಗುಳ್ಳೆಗಳು ಒಂದೊಂದಾಗಿ ಬರುತ್ತಿವೆ. ಹೈ ಪ್ರೆಶರ್ ಹೋಸ್ ಒಡೆದರೆ ಕ್ಷಣದಲ್ಲಿ ಗಾಳಿಯೆಲ್ಲ ಹೋಗುತ್ತದೆಯೇ?
(ಓದುಗರು, ಮಂಗಳೂರು)

ಉತ್ತರ: ನಿಮ್ಮ ಭಯ ಸಹಜ, ಆದರೆ ವಸ್ತುಸ್ಥಿತಿ ಬಹುಮಂದಿ ಊಹಿಸುವುದಕ್ಕೆ ವಿರುದ್ಧವಾಗಿದೆ. ಗೇಜ್‌ಗೆ ಗಾಳಿಯ ಹರಿವು ಬೇಕಿಲ್ಲ, ಒತ್ತಡ ತಲುಪಿದರೆ ಸಾಕು. ಆದ್ದರಿಂದ ಹೈ ಪ್ರೆಶರ್ ಹೋಸ್‌ಗೆ ಗಾಳಿ ಹೋಗುವ ರಂಧ್ರವನ್ನು ಸೂಜಿಮೊನೆಯಷ್ಟು ಸಣ್ಣದಾಗಿ ಮಾಡಿರುತ್ತಾರೆ. ಆ ಹೋಸ್ ಒಡೆದರೆ ಸದ್ದು, ಗುಳ್ಳೆ ಭಯಂಕರವಾಗಿರುತ್ತವೆ, ಆದರೆ ಸಿಲಿಂಡರ್ ಖಾಲಿಯಾಗಲು ಸಮಯ ಹಿಡಿಯುತ್ತದೆ. ಲೋ ಪ್ರೆಶರ್ ಹೋಸ್ ಉಸಿರಾಟಕ್ಕೆ ಬೇಕಾದ ಗಾಳಿಯನ್ನೆಲ್ಲ ಸಾಗಿಸಬೇಕಾದ್ದರಿಂದ ಅದರ ದಾರಿ ಅಗಲ, ಅದು ಒಡೆದರೆ ಸಿಲಿಂಡರ್ ಬಹಳ ಬೇಗ ಬರಿದಾಗುತ್ತದೆ. ಎರಡರಲ್ಲಿ ಯಾವುದು ಒಡೆದರೂ ಡೈವ್ ಅಲ್ಲಿಗೆ ಮುಗಿಯಿತು. ಜೊತೆಗಾರನ ಗಾಳಿ ಕೈಗೆಟಕುವಂತೆ ಅವನ ಪಕ್ಕಕ್ಕೆ ಹೋಗಿ ಇಬ್ಬರೂ ಮೇಲೆ ಬನ್ನಿ.

ನಿಮ್ಮ ಗೇಜ್‌ನ ಗುಳ್ಳೆಗಳ ಮೂಲ ಬಹುಶಃ ಅದರ ತಿರುಗುವ ಕೀಲಿನೊಳಗಿರುವ ಪುಟ್ಟ ಲೋಹದ ನಳಿಕೆ. ಅದರ ಎರಡು ತುದಿಗಳಲ್ಲಿ ಗಾಳಿ ಸೋರದಂತೆ ತಡೆಯುವ ಎರಡು ಸಣ್ಣ ಓ-ರಿಂಗ್‌ಗಳಿರುತ್ತವೆ (ರಬ್ಬರ್ ಬಳೆಗಳು). ಗೇಜನ್ನು ಒತ್ತಡದಲ್ಲಿರುವಾಗ ತಿರುಗಿಸುತ್ತಲೇ ಇದ್ದರೆ ಅವು ಸವೆಯುತ್ತವೆ. ನಳಿಕೆ ಸಮೇತ ಬದಲಾಯಿಸುವುದು ಸರ್ವಿಸ್ ಮಾಡುವವರಿಗೆ ಚಿಕ್ಕ ಕೆಲಸ. ಅದನ್ನು ಮಾಡಿಸದೆ ಮುಂದಿನ ಡೈವ್‌ಗೆ ಹೋಗಬೇಡಿ. ಸಣ್ಣ ಸೋರಿಕೆ ಸಣ್ಣದಾಗಿಯೇ ಉಳಿಯುತ್ತದೆಂಬ ಖಾತ್ರಿಯಿಲ್ಲ.

ಸಿಲಿಂಡರ್ ತೆರೆಯುವಾಗ ಗೇಜ್‌ನ ಗಾಜನ್ನು ನಿಮ್ಮ ಮುಖದಿಂದಲೂ ಇತರರಿಂದಲೂ ಬೇರೆಡೆಗೆ ತಿರುಗಿಸಿಕೊಂಡು ನಿಧಾನವಾಗಿ ತೆರೆಯಿರಿ; ಒಳಗಿನ ಕೊಳವೆ ಸೀಳಿದ್ದರೆ ಗಾಜು ಸಿಡಿಯುವ ಅಪಾಯವಿದೆ. ಪೂರ್ತಿ ತೆರೆದ ಮೇಲೆ ಗೇಜ್ ನೋಡುತ್ತಾ ಕೆಲವು ಸಲ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರುತ್ತಿದ್ದರೆ ವಾಲ್ವ್ ಸರಿಯಾಗಿ ತೆರೆದಿಲ್ಲವೆಂದೇ ತಿಳಿಯಿರಿ.

ಪ್ರಶ್ನೆ: ಸಿಲಿಂಡರ್‌ನ ಒತ್ತಡವನ್ನು ಮಣಿಕಟ್ಟಿನ ಕಂಪ್ಯೂಟರ್‌ಗೆ ಕಳಿಸುವ ಟ್ರಾನ್ಸ್‌ಮಿಟರ್ ಕೊಂಡಿದ್ದೇನೆ. ಇನ್ನು ಗೇಜ್ ಮತ್ತು ಅದರ ಹೋಸ್ ತೆಗೆದುಬಿಡಬಹುದೇ?
(ಓದುಗರು, ಮಸ್ಕತ್)

ಉತ್ತರ: ಒಂದು ಹೋಸ್ ಕಡಿಮೆಯಾದರೆ ಸೋರುವ ಜಾಗವೂ ಒಂದು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೂ ಇರಿಸಿಕೊಳ್ಳಿ ಎನ್ನುತ್ತೇನೆ. ಟ್ರಾನ್ಸ್‌ಮಿಟರ್‌ನ ಬ್ಯಾಟರಿ ಮುಗಿದರೆ ಅಥವಾ ಸಂಪರ್ಕ ತಪ್ಪಿದರೆ ಗೇಜ್ ಇದ್ದವನು ಡೈವ್ ಮುಂದುವರಿಸಬಲ್ಲ, ಇಲ್ಲದವನು ಮೇಲೆ ಬರಲೇಬೇಕು. ಸೊಂಟಕ್ಕೆ ಸಿಕ್ಕಿಸಿದ ಗಿಡ್ಡ ಹೋಸ್‌ನ ಗೇಜ್ ಯಾರಿಗೂ ಭಾರವಲ್ಲ.

ಟ್ರಾನ್ಸ್‌ಮಿಟರನ್ನು ಕಂಪ್ಯೂಟರ್ ಇರುವ ಕೈಯ ಬದಿಯ ಹೈ ಪ್ರೆಶರ್ ಪೋರ್ಟ್‌ನಲ್ಲಿ ಕೂರಿಸಿದರೆ ಸಂಕೇತ ಚೆನ್ನಾಗಿ ತಲುಪುತ್ತದೆ. ದೋಣಿಯ ಹುಡುಗರು ಅದನ್ನೇ ಹಿಡಿಕೆಯೆಂದು ತಿಳಿದು ಸಿಲಿಂಡರ್ ಎತ್ತದಂತೆ ಮೊದಲೇ ಹೇಳಿಡಿ. ಅದು ಫಸ್ಟ್ ಸ್ಟೇಜ್‌ಗೆ ಸೇರುವ ಕತ್ತಿನ ಭಾಗ ಆ ಭಾರಕ್ಕೆ ತಯಾರಾದದ್ದಲ್ಲ. ಪೋರ್ಟ್‌ನ ಕೋನ ಒಗ್ಗದಿದ್ದರೆ 15 ಸೆಂಟಿಮೀಟರ್‌ನ ಗಿಡ್ಡ ಹೈ ಪ್ರೆಶರ್ ಹೋಸ್ ಮೂಲಕ ಜೋಡಿಸಬಹುದು, ಆದರೆ ಅದರಿಂದ ಸೋರುವ ಜಾಗ ಮತ್ತೆ ಹೆಚ್ಚುತ್ತದೆ.

ಪ್ರಶ್ನೆ: ಹೆಣೆದ ಹೊರಪದರದ ಹೋಸ್‌ಗಳು ರಬ್ಬರ್ ಹೋಸ್‌ಗಳಿಗಿಂತ ಒಳ್ಳೆಯವೇ? ಆಕ್ಟೋಪಸ್ ಸಿಕ್ಕಿಸಲು ಅಯಸ್ಕಾಂತದ ಕ್ಲಿಪ್ ಬಳಸಬಹುದೇ?
(ಓದುಗರು, ಮೈಸೂರು)

ಉತ್ತರ: ಹೆಣೆದ ಹೋಸ್‌ಗಳು ಹಗುರ, ಸುಲಭವಾಗಿ ಬಾಗುತ್ತವೆ, ಹೇಳಿದ ದಾರಿಯಲ್ಲಿ ಕೂರುತ್ತವೆ. ಅವುಗಳ ಒಂದು ದೋಷವೆಂದರೆ ಹೊರಗಿನ ಹೆಣಿಗೆ ಚೆನ್ನಾಗಿದ್ದರೂ ಒಳಗಿನ ಪಾಲಿಯುರೆಥೇನ್ ಪದರ ಶಿಥಿಲವಾಗಿರಬಹುದು. ಬಿಸಿ ಮತ್ತು ತೇವದಲ್ಲಿ ಆ ಪದರ ಕ್ಷಯಿಸಿ, ಹರಳಿನಂತಹ ವಸ್ತು ಒಳಗೆ ಶೇಖರಗೊಂಡು ಗಾಳಿಯ ದಾರಿಯನ್ನು ತಡೆದ ಪ್ರಕರಣಗಳು ವರದಿಯಾಗಿವೆ. ನಮ್ಮ ಕರಾವಳಿಯಂತಹ ಹವೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಯಾರಕರು ಹೇಳಿದ ಅವಧಿ ಮುಗಿದ ಕೂಡಲೇ, ನೋಡಲು ಹೊಸದರಂತಿದ್ದರೂ, ಬದಲಾಯಿಸಿ. ರಬ್ಬರ್ ಹೋಸ್ ತನ್ನ ವಯಸ್ಸನ್ನು ಹೊರಗೇ ತೋರಿಸುತ್ತದೆ: ಫಸ್ಟ್ ಸ್ಟೇಜ್‌ನ ಬಳಿಯ ಪ್ಲಾಸ್ಟಿಕ್ ಕವಚವನ್ನು ಹಿಂದಕ್ಕೆ ಸರಿಸಿ, ಹೋಸನ್ನು ತುಸು ಬಾಗಿಸಿ ನೋಡಿದರೆ ಬಿರುಕು ಕಣ್ಣಿಗೆ ಬೀಳುತ್ತದೆ. ಆ ಕವಚದೊಳಗೆ ಉಪ್ಪುನೀರು ನಿಲ್ಲುವುದರಿಂದ ಸಿಹಿನೀರಿನಲ್ಲಿ ತೊಳೆಯುವಾಗಲೂ ಅದನ್ನು ಸರಿಸಿಯೇ ತೊಳೆಯಬೇಕು.

ಅಯಸ್ಕಾಂತದ ಕ್ಲಿಪ್ ಹಿಡಿಯುವುದೂ ಬಿಡುವುದೂ ಚೆನ್ನಾಗಿದೆ, ಒಂದು ಜಗ್ಗಿಗೆ ಬರುತ್ತದೆ. ಆದರೆ ಅದು ದಿಕ್ಸೂಚಿಯ ಸಮೀಪದಲ್ಲಿದ್ದರೆ ಮುಳ್ಳನ್ನು ತನ್ನತ್ತ ಸೆಳೆಯುತ್ತದೆ. ಮಣಿಕಟ್ಟಿನ ದಿಕ್ಸೂಚಿಯನ್ನು ಎದೆಯ ಮುಂದೆ ಹಿಡಿದು ಓದುವ ಅಭ್ಯಾಸವಿದ್ದವರಿಗೆ ಇದು ನೇರವಾಗಿ ಅನ್ವಯಿಸುತ್ತದೆ, ಮತ್ತು ಕಂಪ್ಯೂಟರ್‌ನೊಳಗಿನ ಡಿಜಿಟಲ್ ದಿಕ್ಸೂಚಿಯೂ ಇದಕ್ಕೆ ಹೊರತಲ್ಲ. ಕ್ಲಿಪ್ ಸಿಕ್ಕಿಸಿದ ಬಿಸಿಡಿ ತೊಟ್ಟು ದಡದಲ್ಲಿ ಒಂದು ದಿಕ್ಕನ್ನು ಓದಿಕೊಳ್ಳಿ, ದಿಕ್ಸೂಚಿಯನ್ನು ಅಲುಗಿಸದೆ ಕ್ಲಿಪ್ ಮಾತ್ರ ತೆಗೆಸಿ ಮತ್ತೆ ಓದಿ. ಎರಡು ಓದುಗಳ ನಡುವೆ ವ್ಯತ್ಯಾಸ ಕಂಡರೆ ಆ ಕ್ಲಿಪ್ ಬಿಟ್ಟು ರಬ್ಬರ್ ಅಥವಾ ಸಿಲಿಕೋನ್ ಹಿಡಿಕೆಯದನ್ನು ಬಳಸಿ.